ಎರಡು ಹೆಬ್ಬೆರಳಿನ ಮೆಷಿನ್

ನಾನು ಮಣ್ಣು ತೋಡುವ ಮೆಷಿನ್ನಿನ ಆಪರೇಟರ್. ಇಪ್ಪತ್ತೆರಡು ವರ್ಷ ಪುಣೆಯ ನೆಲ ತೋಡಿದ್ದೇನೆ. ಹಡಪಸರದಲ್ಲಿ ಈಗ ಗಾಜಿನ ಕಟ್ಟಡ ನಿಂತಿರುವ ಎಷ್ಟೋ ಜಾಗದಲ್ಲಿ ಮೊದಲ ಬಕೆಟ್ ಮಣ್ಣು ಎತ್ತಿದವನು ನಾನೇ. ಸಾಲಿ ಬಿಟ್ಟದ್ದು ಆರನೇ ಇಯತ್ತೆಗೆ. ಅಪ್ಪ ಯಾದಗಿರಿ ಕಡೆಯಿಂದ ಬಂದು ಇಲ್ಲಿ ಬುಟ್ಟಿ ಹೊತ್ತ. ಅವನು ಒಂದು ದಿನ ತಲೆಯ ಮೇಲೆ ಹೊತ್ತಷ್ಟನ್ನು ನಾನು ಕೂತಲ್ಲಿಂದ ಚಹಾ ಆರುವುದರೊಳಗೆ ಎತ್ತಿ ಹಾಕುತ್ತಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಅಂತ ಬರೆಯಲು ಹೊರಟಿದ್ದೆ. ಸುಳ್ಳು ಯಾಕೆ, ಜಂಬಕ್ಕೇ ಹೇಳುತ್ತಿದ್ದೇನೆ. ಆ ಸೀಟು ಬಿಟ್ಟರೆ ನನ್ನದು ಅಂತ ಹೇಳಿಕೊಳ್ಳಲು ನನಗೆ ಬೇರೆ ಏನೂ ಇರಲಿಲ್ಲ.

ಕೋಥರೂಡದಲ್ಲಿ ದೊಡ್ಡ ಗಟಾರದ ಕೆಲಸ ನಡೆದಿತ್ತು. ಹಳೆ ಮೆಷಿನ್ ಎಲ್ಲ ತೆಗೆದು ಹೊಸವು ತರುತ್ತೇವೆ ಅಂದರು ಗುತ್ತಿಗೆದಾರರು. ಹಳೆಯದರಲ್ಲಿ ಸೀಟಿನ ಮುಂದೆ ನಾಲ್ಕು ಉದ್ದನೆಯ ಲಿವರ್, ಒಂದೊಂದಕ್ಕೆ ಒಂದೊಂದು ಕೆಲಸ. ಹೊಸದರಲ್ಲಿ ಎರಡೇ ಗಿಡ್ಡ ಕೋಲು, ಎಡಗೈಗೊಂದು, ಬಲಗೈಗೊಂದು, ನಾಲ್ಕೂ ಕೆಲಸ ಅವೆರಡರಲ್ಲೇ. ಅದರ ಮೇಲೆ ಹತ್ತಬೇಕಾದರೆ ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ ಪಾಸಾಗಬೇಕು. ಹಡಪಸರದ ಒಂದು ಬಾಡಿಗೆ ಹಾಲ್‌ನಲ್ಲಿ ಟೀವಿಯಷ್ಟು ದೊಡ್ಡ ಪರದೆ, ಅದರ ಮುಂದೆ ಮಕ್ಕಳು ಆಟ ಆಡುವ ಗೇಮ್‌ಪ್ಯಾಡ್. ಪರದೆಯ ಮೇಲೆ ಒಂದು ಮೆಷಿನ್, ಒಂದು ಗುಂಡಿ, ಗುಂಡಿಯ ದಂಡೆಗೆ ಹಳದಿ ಟೋಪಿಯ ಒಬ್ಬ ಮನುಷ್ಯ. ಕಲಿಸುವವಳು ಒಬ್ಬ ಮರಾಠಿ ಹುಡುಗಿ, ಇಂಜಿನಿಯರ್. ನನ್ನನ್ನು ಕಾಕಾ ಅಂತ ಕರೆದಳು.

ಲಿವರ್ ಹಿಡಿಯುವ ಕೆಲಸ ಭುಜದ್ದು. ಅಂಗೈ ತುಂಬ ಹಿಡಿದು ಎಳೆದರೆ ಬೆನ್ನಿಗೆ ಗೊತ್ತಾಗುತ್ತದೆ, ಕೆಳಗೆ ಕಲ್ಲು ಹತ್ತಿತೋ ಮಣ್ಣೋ ಅಂತ. ಆ ಗೇಮ್‌ಪ್ಯಾಡಿನಲ್ಲಿ ಎರಡು ಗುಂಡನೆಯ ಮೊಳಕೆ, ಅವನ್ನು ಹೆಬ್ಬೆರಳಿನಿಂದ ಆಡಿಸಬೇಕು. ನನ್ನ ಹೆಬ್ಬೆರಳು ಒಡೆದು ದಪ್ಪಾಗಿ, ಮುಟ್ಟಿದ್ದು ಗೊತ್ತಾಗದಂಥವು. ಎತ್ತಲು ಹೋದರೆ ತಿರುಗಿತು, ತಿರುಗಿಸಲು ಹೋದರೆ ಮುಚ್ಚಿತು. ಎರಡನೇ ನಿಮಿಷಕ್ಕೆ ಹಳದಿ ಟೋಪಿಯವನ ಮೇಲೆ ಬಕೆಟ್ ಹೋಯಿತು, ಪರದೆ ಪೂರಾ ಕೆಂಪಾಯಿತು. ನನ್ನ ಹಿಂದೆ ಒಂಬತ್ತು ಜನ ಆಪರೇಟರು ಕೂತಿದ್ದರು. ಭೋರ್ ಕಡೆಯ ಒಬ್ಬ, ನನಗಿಂತ ಹದಿನೈದು ವರ್ಷ ಸಣ್ಣವನು, ಮರಾಠಿಯಲ್ಲಿ ಮೆತ್ತಗೆ ಅಂದ, ಕಾಕಾನ ಪಾಲಿಗೆ ಇವತ್ತು ಒಂದು ಹೆಣ ಬಿತ್ತು ಅಂತ. ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಮೂರು ವಾರದ ನಂತರ ಇನ್ನೊಂದು ಅವಕಾಶ. ಅಲ್ಲಿಯವರೆಗೆ ಕೆಳಗೆ ನಿಂತು ಲಾರಿಗಳಿಗೆ ಝಂಡಾ ತೋರಿಸುವ ಕೆಲಸ. ಆಗಲೂ ಪಾಸಾಗದಿದ್ದರೆ ಝಂಡಾವೇ ಕಾಯಂ.

ಆ ಹುಡುಗಿ ಒಳ್ಳೆಯವಳು. ಪರೀಕ್ಷೆಯ ಪ್ರೋಗ್ರಾಮನ್ನೇ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟಳು. ಅದು ಲಿನಕ್ಸ್ ಅನ್ನುವ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಎಂಥ ಹಳೆಯ ಡಬ್ಬಿ ಇದ್ದರೂ ಸಾಕು, ಯಾವ ಗೇಮ್‌ಪ್ಯಾಡ್ ಸಿಕ್ಕರೂ ಅದರ ಕೋಲು, ಬಟನ್ ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು ಅಂದಳು. ಯಾವ ಕೋಲಿಗೆ ಯಾವ ಕೆಲಸ ಅಂತ ಇಂಗ್ಲಿಷಿನಲ್ಲಿ ಛಾಪಿಸಿದ ಒಂದು ಹಾಳೆಯನ್ನೂ ಚಾಚಿದಳು. ಒಂಬತ್ತು ಜನ ನೋಡುತ್ತಿದ್ದರು. ನಾನು ಹಾಳೆ ತೆಗೆದುಕೊಳ್ಳಲಿಲ್ಲ. ನೀವು ಹೇಳಿ, ನಾನೇ ಬರೆದುಕೊಳ್ಳುತ್ತೇನೆ ಅಂದೆ. ನನಗೆ ಓದು ಬರುವುದಿಲ್ಲ ಅಂತ ಯಾರೂ ತಿಳಿಯಬಾರದು ಅನ್ನುವುದೇ ತಲೆಯಲ್ಲಿ ಇದ್ದದ್ದು.

ನಾನು ಎಲ್ಲಿ ತಪ್ಪಿದೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಗ ಅದು ನನಗೇ ಗೊತ್ತಾಗಲಿಲ್ಲ. ನಮ್ಮ ಹಳೆ ಮೆಷಿನ್ನಿನ ತೋಡುವ ತೋಳು ಹಿಂಭಾಗದಲ್ಲಿ. ತೋಡುವಾಗ ಸೀಟು ತಿರುಗಿಸಿ, ಇಂಜಿನ್ನಿಗೆ ಬೆನ್ನು ಹಾಕಿ ಕೂಡುತ್ತೇವೆ. ಆದರೆ ಕೆಳಗೆ ನಿಂತ ಸೂಪರ್‌ವೈಸರ್ ಎಡಕ್ಕೆ ಅಂತ ಕೂಗಿದರೆ ಅದು ಮೆಷಿನ್ನಿನ ಮೂತಿಯ ಕಡೆ ಮುಖ ಮಾಡಿ ಕೂತವನ ಎಡ. ತಿರುಗಿ ಕೂತ ನನಗೆ ಅದು ಬಲಗೈ. ಎಡ ಅಂದ ಕೂಡಲೆ ಬಲಗೈ ಏಳಬೇಕು, ಬಲ ಅಂದರೆ ಎಡಗೈ. ಇಪ್ಪತ್ತೆರಡು ವರ್ಷ ಹೀಗೇ ಕೇಳಿ ಕೇಳಿ, ಕಿವಿಗೆ ಬಿದ್ದದ್ದು ತಲೆಗೆ ಹೋಗುವುದರೊಳಗೆ ತಾನೇ ಮಗುಚಿಕೊಳ್ಳುತ್ತಿತ್ತು. ಅವಳು ಎಡಗೋಲಿನಿಂದ ತಿರುಗಿಸುವುದು ಮತ್ತು ಚಾಚುವುದು, ಬಲಗೋಲಿನಿಂದ ಎತ್ತುವುದು ಮತ್ತು ಬಕೆಟ್ ಮುಚ್ಚುವುದು ಅಂತ ಹೇಳಿದಳು. ನಾನು ಕನ್ನಡದಲ್ಲಿ, ನನ್ನ ಕೈಬರಹದಲ್ಲಿ, ಬಲಗೈ ತಿರುಗಿಸೋದು ಚಾಚೋದು, ಎಡಗೈ ಎತ್ತೋದು ಮುಚ್ಚೋದು ಅಂತ ಬರೆದುಕೊಂಡೆ. ಬರೆದದ್ದನ್ನು ಅವಳಿಗೆ ತೋರಿಸಲಿಲ್ಲ. ತೋರಿಸಿದರೂ ಅವಳಿಗೆ ಕನ್ನಡ ಬರುತ್ತಿರಲಿಲ್ಲ.

ಗಟಾರದ ಕೆಲಸದ ಎದುರಿಗೆ ಒಂದು ಇಡ್ಲಿ ಹೋಟೆಲು. ಯಜಮಾನರು ಉಡುಪಿ ಕಡೆಯವರು. ಅವರ ಕನ್ನಡ ನನಗೆ ನಗು ತರಿಸುತ್ತಿತ್ತು, ನನ್ನದು ಅವರಿಗೆ. ಆದರೂ ಮರಾಠಿ ಬಾಯಿಗಳ ನಡುವೆ ಇಬ್ಬರೂ ಕನ್ನಡ ಮಾತಾಡಲು ಕಾಯುತ್ತಿದ್ದೆವು. ಅವರ ಗಲ್ಲೆಯ ಮೇಲಿನ ಕಂಪ್ಯೂಟರಿನಲ್ಲಿ ಬಿಲ್ ಮಾಡುವ ಕೀಬೋರ್ಡಿಗೆ ಕಾಗದದ ಚೀಟಿ ಅಂಟಿಸಿದ್ದರು. ಒಂದು ಕೀ ಒತ್ತಿದರೆ ಇಡ್ಲಿ, ಇನ್ನೊಂದಕ್ಕೆ ವಡೆ, ಉದ್ದನೆಯದಕ್ಕೆ ಚಹಾ. ಆ ಕಂಪ್ಯೂಟರೂ ಲಿನಕ್ಸೇ. ಹಳೆಯದಾಯಿತು ಅಂತ ಕಂಪ್ಯೂಟರ್ ಅಂಗಡಿಯವನು ಎಸೆಯಲು ಹೇಳಿದಾಗ ಅವರ ಅಳಿಯ ಲಿನಕ್ಸ್ ಹಾಕಿ ಬದುಕಿಸಿಕೊಟ್ಟಿದ್ದನಂತೆ. ಇಂಥದೇ ಇನ್ನೊಂದು ಸಾಮಾನಿನ ಕೋಣೆಯಲ್ಲಿ ಅಕ್ಕಿ ಚೀಲದ ಮೇಲೆ ಧೂಳು ತಿನ್ನುತ್ತಾ ಕೂತಿತ್ತು. ಯಾವುದೋ ಗಿರಾಕಿಯ ಮಕ್ಕಳು ಮರೆತುಹೋದ ಗೇಮ್‌ಪ್ಯಾಡೂ ಡ್ರಾವರಿನಲ್ಲಿತ್ತು.

ನಾನು ಯಾರ ಹತ್ತಿರವೂ ಏನೂ ಬೇಡಿದವನಲ್ಲ. ಎರಡು ದಿನ ಚಹಾ ಕುಡಿದು ಹಾಗೇ ಎದ್ದು ಬಂದೆ. ಮೂರನೇ ದಿನ ಅವರೇ ಕೇಳಿದರು.

"ಎಂತ ಮಾರಾಯ್ರೆ, ಮೆಷಿನ್ ಬಿಟ್ಟು ಟ್ರಾಫಿಕ್ ಪೊಲೀಸ್ ಆದದ್ದು ಯಾವಾಗ?"

ಹೇಳಿದೆ. ಅವರು ನಗಲಿಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಹೋಟೆಲು ಖಾಲಿ, ನಮ್ಮ ಸೈಟಿನಲ್ಲೂ ಆಗ ಲಾರಿ ಬರುವುದಿಲ್ಲ. ಆ ಹೊತ್ತಿಗೆ ಬನ್ನಿ ಅಂದರು.

ಮೊದಲ ದಿನ ಮೌಸ್ ಕೈಗೆ ಕೊಟ್ಟರು. ಎಡಗಡೆಯ ಬಟನ್ ಎಷ್ಟು ಒತ್ತಿದರೂ ಏನೂ ಆಗಲಿಲ್ಲ. ಕೆಡಿಸಿಬಿಟ್ಟೆ ಅಂತ ಬೆವೆತುಹೋದೆ. ಆ ಬಟನ್ ಸತ್ತು ಎಷ್ಟೋ ಕಾಲವಾಗಿತ್ತಂತೆ, ಅದರ ಕೆಲಸವನ್ನು ಅವರು ಹೆಬ್ಬೆರಳಿನ ಪಕ್ಕದ ಸಣ್ಣ ಬಟನ್ನಿಗೆ ವಹಿಸಿದ್ದರು. "ಕೀ ಮೇಲೆ ಎಂತ ಬರ್ದುಂಟು ಅಂತ ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಒಂದು ನಂಬರ್ ಹೋಗ್ತದೆ ಅಷ್ಟೆ. ಆ ನಂಬರಿಗೆ ಕೆಲಸ ಎಂತದು ಅಂತ ಹೇಳುವವರು ನಾವು," ಅಂದರು. ನನಗೆ ಈ ಮಾತು ಹಿಡಿಸಿತು. ಆಳಿಗೆ ಕೆಲಸ ಹಚ್ಚಿದ ಹಾಗೆ. ಇಷ್ಟು ದಿನ ಕಂಪ್ಯೂಟರ್ ನನ್ನ ಮೇಲೆ ಸವಾರಿ ಮಾಡಿತ್ತು, ಈಗ ನಾನು ಅದಕ್ಕೆ ಹುಕುಂ ಕೊಡುವವನು.

ಆ ಗೇಮ್‌ಪ್ಯಾಡು ಬೇರೆ ಕಂಪನಿಯದು, ಪರೀಕ್ಷೆಯ ಹಾಲ್‌ನಲ್ಲಿದ್ದಂಥದಲ್ಲ. ಸಿಕ್ಕಿಸಿದಾಗ ಒಂದು ಕೋಲು ಪರದೆಯ ಬಾಣವನ್ನು ಓಡಿಸಿತು, ಇನ್ನೊಂದು ಏನೂ ಮಾಡಲಿಲ್ಲ. ಯಜಮಾನರು ಬದಲಿಸುವ ಪ್ರೋಗ್ರಾಮು ತೆರೆದರು. ಎಡಬದಿಯಲ್ಲಿ ಸಿಕ್ಕಿಸಿದ ಸಾಮಾನುಗಳ ಪಟ್ಟಿ, ಅದರಲ್ಲಿ ಗೇಮ್‌ಪ್ಯಾಡನ್ನು ಆರಿಸಬೇಕು. ರೆಕಾರ್ಡ್ ಅಂತ ಒತ್ತಿ, ಬದಲಿಸಬೇಕಾದ ಕೋಲನ್ನು ಒಮ್ಮೆ ನೂಕಬೇಕು. ಅದರ ಹೆಸರು ಪರದೆಯ ಮೇಲೆ ಬರುತ್ತದೆ. ಎದುರಿಗೆ, ಅದು ಇನ್ನು ಮೇಲೆ ಏನಾಗಬೇಕು ಅಂತ ಬರೆಯಬೇಕು. ಕೊನೆಗೆ ಅಪ್ಲೈ. ಅವರು ಕೇಳುತ್ತಾ ಹೋದರು, ನಾನು ನೋಟ್‌ಬುಕ್ ನೋಡಿ ಹೇಳುತ್ತಾ ಹೋದೆ. ಅರ್ಧ ತಾಸಿನಲ್ಲಿ ಪರದೆಯ ಮೆಷಿನ್ ನನ್ನ ಬೆರಳಿಗೆ ಏಳತೊಡಗಿತು. ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಹಚ್ಚಿದ ಕೆಲಸ ಎಲ್ಲ ಮರೆತು ಕೂತಿದೆ. ಕಂಪ್ಯೂಟರ್ ಶುರುವಾದಾಗ ತಾನೇ ನೆನಪಿಸಿಕೊಳ್ಳಲಿ ಅನ್ನುವ ಇನ್ನೊಂದು ಗುಂಡಿ ಒತ್ತಬೇಕಿತ್ತಂತೆ. ಮತ್ತೆ ಮೊದಲಿನಿಂದ ಬರೆದೆವು.

ಎರಡನೇ ಸಲ ಬರೆಯುವಾಗ ಯಜಮಾನರು ನಿಲ್ಲಿಸಿದರು. ಅಳಿಯನ ಮನೆಯಲ್ಲಿ ಇಂಥ ಆಟ ನೋಡಿದ್ದೇನೆ, ಅದರಲ್ಲಿ ತಿರುಗಿಸುವುದು ಎಡದಲ್ಲಿ ಇದ್ದ ನೆನಪು, ಒಮ್ಮೆ ಆ ಹುಡುಗಿಗೆ ಫೋನ್ ಮಾಡಿ ಕೇಳಿ ಅಂದರು. ನನಗೆ ಸಿಟ್ಟು ಬಂತು.

"ಯಜಮಾನ್ರ, ನೀವು ಇಡ್ಲಿ ಹಾಕ್ತೀರಿ, ನಾ ಏನರ ಅಂದೀನೇನ್ರಿ? ಮೆಷಿನ್ ಮ್ಯಾಲೆ ಕುಂತಾಂವ ನಾನು."

ಅವರು ಸುಮ್ಮನೆ ನಾನು ಹೇಳಿದ್ದನ್ನೇ ಬರೆದರು. ನೆನಪಿಸಿಕೊಳ್ಳುವ ಗುಂಡಿಯನ್ನೂ ಒತ್ತಿದರು. ಅವತ್ತಿನಿಂದ ಆ ಕಂಪ್ಯೂಟರ್ ನನ್ನ ತಪ್ಪನ್ನು ಒಂದು ದಿನವೂ ಮರೆಯಲಿಲ್ಲ.

ಮೂರು ವಾರ. ಬೆಳಿಗ್ಗೆ ಕೆಂಪು ಹಸಿರು ಝಂಡಾ ಹಿಡಿದು ಗುಂಡಿಯ ದಂಡೆಗೆ ನಿಲ್ಲುತ್ತಿದ್ದೆ. ಹೊಸ ಮೆಷಿನ್ನಿನ ಮೇಲೆ ಭೋರಿನವನು. ಅವನು ಚೆನ್ನಾಗಿಯೇ ತೋಡುತ್ತಿದ್ದ. ಕೆಟ್ಟದಾಗಿ ತೋಡಲಿ ಅಂತ ನಾನು ಬೇಡಿಕೊಂಡಿದ್ದೂ ಉಂಟು, ಈಗ ನಾಚಿಕೆಯಾಗುತ್ತದೆ. ಅವನ ಕೈ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ. ಅವನು ಕ್ಯಾಬಿನ್ ಹತ್ತುವಾಗ ಬೇಕೆಂದೇ ಲಾರಿಗಳ ಕಡೆ ಮುಖ ತಿರುಗಿಸುತ್ತಿದ್ದೆ.

ಮನೆಯಲ್ಲಿ ಹೇಳಿರಲಿಲ್ಲ. ಹೆಂಡತಿ ಬಟ್ಟೆ ನೆನೆಹಾಕುವಾಗ ಒಂದು ಸಂಜೆ ಅಂಗಿಯನ್ನು ಮೂಗಿಗೆ ಹಿಡಿದು ನಿಂತಳು. ಎಂಟು ದಿನದಿಂದ ಅಂಗಿಗೆ ಡೀಸೆಲ್ ವಾಸನೆ ಇಲ್ಲ ಅಂದಳು. ಹೊಸ ಮೆಷಿನ್, ಕ್ಯಾಬಿನ್ ಮುಚ್ಚಿರುತ್ತದೆ ಅಂದೆ. ಹೂಂ ಅಂದಳು. ಅದರ ಮೇಲೆ ಕೇಳಲಿಲ್ಲ. ಕೇಳಿದ್ದರೆ ಬೈದುಬಿಡುತ್ತಿದ್ದೆ, ಅದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಅಕ್ಕಿ ಚೀಲದ ಮೇಲೆ ಕೂಡುತ್ತಿದ್ದೆ. ಮೊದಲ ವಾರ ದಿನಕ್ಕೆ ಹತ್ತು ಸಲ ಪರದೆ ಕೆಂಪಾಗುತ್ತಿತ್ತು. ಹೆಬ್ಬೆರಳಿನ ಚರ್ಮ ಒಡೆದು ರಕ್ತ ಬಂತು, ಪಟ್ಟಿ ಕಟ್ಟಿದರೆ ಕೋಲು ಜಾರುತ್ತದೆ ಅಂತ ಕಟ್ಟಲಿಲ್ಲ. ಬಸ್ಸಿನಲ್ಲಿ ನಿಂತಾಗ ಕಂಬಿ ಹಿಡಿದೇ ಎರಡೂ ಹೆಬ್ಬೆರಳು ಆಡಿಸುತ್ತಿದ್ದೆ. ಬಲ ತಿರುಗು, ಎಡ ಎತ್ತು, ಬಲ ಚಾಚು, ಎಡ ಮುಚ್ಚು. ಎರಡನೇ ವಾರದ ಕೊನೆಗೆ ನಾಲ್ಕು ಲಿವರಿನ ನೆನಪು ಕೈಯಿಂದ ಇಳಿದುಹೋಯಿತು. ಕನಸಿನಲ್ಲಿ ಕೂಡ ನಾನು ಆ ಲಿವರುಗಳನ್ನೇ ಎಳೆಯುತ್ತಿದ್ದವನು. ಆದರೆ ಅಳುತ್ತಾ ಕೂಡಲು ಪುರುಸೊತ್ತು ಇರಲಿಲ್ಲ. ಮೂರನೇ ವಾರದಲ್ಲಿ ಹಳದಿ ಟೋಪಿಯವನು ಒಮ್ಮೆಯೂ ಸಾಯಲಿಲ್ಲ. ಯಜಮಾನರು ಪರದೆ ನೋಡಿ, ಗೋಡೆ ಇಷ್ಟು ನೇರ ನನ್ನ ಹೋಟೆಲಿಗೂ ಇಲ್ಲ ಅಂದರು.

ಪರೀಕ್ಷೆಯ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಈ ಸಲ ಒಬ್ಬೊಬ್ಬರನ್ನೇ ಒಳಗೆ ಕರೆದರು. ಎರಡು ನಿಮಿಷ ಕೈ ಪಳಗಿಸಿಕೊಳ್ಳಿ ಕಾಕಾ ಅಂದಳು ಹುಡುಗಿ. ಬೇಡ, ನೇರವಾಗಿ ಶುರು ಮಾಡಿ ಅಂದೆ.

ಎತ್ತಲು ಎಡ ಹೆಬ್ಬೆರಳು ಎಳೆದೆ, ತೋಳು ಏಳಲಿಲ್ಲ, ಹೊರಗೆ ಚಾಚಿಕೊಂಡಿತು. ತಡೆಯಲು ಬಲಗೋಲು ಒತ್ತಿದೆ, ಬಕೆಟ್ ಬಾಯಿ ಬಿಟ್ಟು ಮಣ್ಣೆಲ್ಲ ಗುಂಡಿಗೆ ಸುರಿಯಿತು. ಒಂದು ಕ್ಷಣ ಪ್ಯಾಡು ಕೆಟ್ಟಿದೆ ಅಂದುಕೊಂಡೆ. ಆಮೇಲೆ ಬೇಕೆಂದೇ ಎಡದ್ದನ್ನು ಮೆಲ್ಲಗೆ ಅಡ್ಡ ನೂಕಿ ನೋಡಿದೆ. ಮೆಷಿನ್ ತಿರುಗಿತು. ಆಗ ಅವಳು ಹೇಳಿದ್ದು, ನಾನು ಬರೆದುಕೊಂಡದ್ದು, ಯಜಮಾನರು ಕೇಳಿದ್ದು, ಮೂರೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಪ್ಯಾಡು ಮೇಜಿನ ಮೇಲೆ ಇಟ್ಟೆ.

ನಾನು ಯಾರ ಮುಂದೆಯೂ ಕೈ ಮುಗಿದವನಲ್ಲ. ಅವತ್ತು ಮಗಳ ವಯಸ್ಸಿನವಳ ಮುಂದೆ ಮುಗಿದೆ. ಎಡ ಬಲ ಅದಲು ಬದಲಾಗಿ ಕಲಿತುಬಿಟ್ಟಿದ್ದೇನೆ, ಇದರಲ್ಲೂ ಬಟನ್ ಬದಲಿಸಲು ಬರುತ್ತದೆ, ನನಗೆ ಗೊತ್ತಿದೆ, ಬದಲಿಸಿ ಒಂದು ಸಲ ನೋಡಿ ಅಂತ ಮರಾಠಿಯಲ್ಲಿ ಬೇಡಿದೆ. ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು.

"ಕಾಕಾ, ಇಲ್ಲಿ ಬದಲಿಸಬಹುದು. ಸೈಟಿನ ಮೆಷಿನ್ನಿನಲ್ಲಿ ಬದಲಿಸಲು ಬರುವುದಿಲ್ಲ," ಅಂದಳು.

"ಗೊತ್ತದ ತಾಯಿ. ಎರಡು ದಿನದಾಗ ಕೈ ತಿರುಗಿಸ್ಕೋತೀನಿ."

ಮರಾಠಿ ಹೋಗಿ ಬಾಯಿಗೆ ಕನ್ನಡ ಬಂದಿತ್ತು. ಅವಳಿಗೆ ಅರ್ಥವಾಗಲಿಲ್ಲ, ಆದರೂ ಆಯಿತು ಅಂದುಕೊಂಡಳೇನೋ. ಎರಡು ದಿನದಲ್ಲಿ ಕೈ ತಿರುಗುವುದಿಲ್ಲ ಅನ್ನುವುದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವಳು ಪಟ್ಟಿ ತೆರೆದು ಎರಡು ಕೋಲುಗಳ ಹೆಸರು ಅದಲು ಬದಲು ಮಾಡಿದಳು. ಒಂದು ನಿಮಿಷವೂ ಹಿಡಿಯಲಿಲ್ಲ.

ತೋಡಿದೆ. ಹಾಗೆ ನಾನು ಹಳೆ ಮೆಷಿನ್ನಿನಲ್ಲೂ ತೋಡಿರಲಿಲ್ಲ. ಗೋಡೆ ನೇರ, ತಳ ಸಪಾಟು, ಹಳದಿ ಟೋಪಿಯವನ ನೆರಳಿಗೂ ತಾಕಲಿಲ್ಲ. ಪಾಸು ಅಂತ ಹಾಳೆ ಬಂತು. ಸಹಿ ಮಾಡುವಾಗ ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಬೇಗ ಬೇಗ ಸಹಿ ಮಾಡಿ ಎದ್ದುಬಿಟ್ಟೆ.

ಮರುದಿನ ಬೆಳಿಗ್ಗೆ ಹೊಸ ಮೆಷಿನ್ ಹತ್ತಿದೆ. ಗುಂಡಿಯಲ್ಲಿ ಇಬ್ಬರು ಪೈಪು ಕೂಡಿಸುತ್ತಿದ್ದರು, ಒಬ್ಬ ನಮ್ಮ ಸುರಪುರದ ಕಡೆಯವನು. ಅವರನ್ನು ಮೇಲೆ ಬರ್ರಿ ಅಂತ ಕರೆಯಬೇಕಿತ್ತು. ಕರೆದರೆ ಯಾಕೆ ಅಂತ ಕೇಳುತ್ತಾರೆ. ಕರೆಯಲಿಲ್ಲ. ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು, ಬಾಯಿಂದ ಹೇಳಿಕೊಳ್ಳುತ್ತಾ ಕೈ ಆಡಿಸಿದೆ. ಬಲಗೈ ಎತ್ತು. ಎಡಗೈ ತಿರುಗು. ಸಣ್ಣ ಮಗು ಮಗ್ಗಿ ಹೇಳುವ ಹಾಗೆ. ಒಂದು ಬಕೆಟ್ ಸರಿಯಾಗಿ ಹೋಯಿತು, ಎರಡು ಹೋಯಿತು, ಮೂರು ಹೋಯಿತು. ಬೆನ್ನೆಲ್ಲ ಒದ್ದೆ. ಆಗಿಬಿಡುತ್ತದೆ, ಇವತ್ತೊಂದು ದಿನ ದಾಟಿದರೆ ಆಗಿಬಿಡುತ್ತದೆ ಅನ್ನಿಸಿತು.

ನಾಲ್ಕನೆಯದಕ್ಕೆ ಸುರಪುರದವನು ಕೆಳಗಿನಿಂದ ತಲೆ ಎತ್ತಿ ಏನೋ ಕೇಳಿದ. ಏನು ಅಂತ ಅವನ ಕಡೆ ನೋಡಿದೆ. ಅಷ್ಟೇ, ಬಾಯಿ ನಿಂತಿತು, ಕೈ ನಿಲ್ಲಲಿಲ್ಲ. ತುಂಬಿದ ಬಕೆಟ್ ಮುಚ್ಚಿಕೊಳ್ಳುವ ಬದಲು ಗುಂಡಿಯ ಮೇಲಿನಿಂದ ಅಡ್ಡ ಬೀಸಿ ಹೋಯಿತು. ಎರಡೂ ಕೈ ಬಿಟ್ಟುಬಿಟ್ಟೆ. ಕೋಲು ಬಿಟ್ಟರೆ ಮೆಷಿನ್ ತಾನೇ ನಿಲ್ಲುತ್ತದೆ, ಅದೊಂದು ಪುಣ್ಯ. ಬಕೆಟ್ ಅವನ ಟೋಪಿಯಿಂದ ಎರಡು ಮೊಳ ಆಚೆ ತೂಗಾಡುತ್ತಾ ನಿಂತಿತು. ಮಣ್ಣು ಅವನ ಹೆಗಲ ಮೇಲೆ ಉದುರಿತು. ಅವನು ಮೇಲೆ ನೋಡಿ, ಹೆಗಲು ಝಾಡಿಸಿಕೊಂಡು, ಮತ್ತೆ ಪೈಪಿಗೆ ಬಗ್ಗಿದ. ಆಪರೇಟರಿಗೆ ತನ್ನ ಕೆಲಸ ಗೊತ್ತಿರುತ್ತದೆ ಅನ್ನುವ ನಂಬಿಕೆಯ ಮೇಲೆ ಗುಂಡಿಗೆ ಇಳಿದವನು.

ಇಂಜಿನ್ ಬಂದ್ ಮಾಡಿ ಇಳಿದೆ. ಮೆಷಿನ್ನಿಗೆ ಟೈರಿನ ಬದಲು ಇರುವ ಕಬ್ಬಿಣದ ಪಟ್ಟಿ ಹಿಡಿದು ನಿಂತೆ. ಸೂಪರ್‌ವೈಸರು ವಿಜಯಪುರದವರು, ಒಳ್ಳೆಯವರು. ಹೊಸದರಲ್ಲಿ ಎಲ್ಲರದೂ ಒಮ್ಮೆ ತಪ್ಪುತ್ತದೆ, ಹೋಗಿ ಒಂದು ಚಹಾ ಕುಡಿದು ಬರ್ರಿ ಅಂದರು. ಭೋರಿನವನೂ ಹತ್ತಿರ ಬಂದು ನಿಂತಿದ್ದ. ಚಹಾ ಕುಡಿದು ಬರಬಹುದಿತ್ತು. ನನ್ನ ಕಿಸೆಯಲ್ಲಿ ಪಾಸಾದ ಹಾಳೆ ಇತ್ತು.

"ನನಗ ಈ ಮೆಷಿನ್ ಬರೂದಿಲ್ರಿ," ಅಂದೆ.

ಇಪ್ಪತ್ತೆರಡು ವರ್ಷದಲ್ಲಿ ಯಾವ ಮೆಷಿನ್ನಿನ ಬಗ್ಗೆಯೂ ಈ ಮಾತು ಆಡಿರಲಿಲ್ಲ. ಅವರು ತಮಾಷೆ ಅಂದುಕೊಂಡರು. ಹಾಳೆ ತೆಗೆದು ಕೊಟ್ಟು, ಅದನ್ನು ಹೇಗೆ ಪಡೆದೆ ಅಂತ ಪೂರಾ ಹೇಳಿದೆ. ಆ ಹುಡುಗಿಯ ಮೇಲೆ ಹಾಕಬೇಡ್ರಿ, ನಾನೇ ಸುಳ್ಳು ಹೇಳಿದ್ದು ಅಂತಲೂ ಹೇಳಿದೆ. ಅವರ ಮುಖ ಗಟ್ಟಿಯಾಯಿತು. ಕೀಲಿ ಕೊಟ್ಟಾಗ ಭೋರಿನವನು ಎರಡೂ ಕೈಯಿಂದ ತೆಗೆದುಕೊಂಡ. ಅದು ನಗುವುದಕ್ಕಿಂತ ಹೆಚ್ಚು ನೋಯಿಸಿತು.

ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದೆ. ಹೆಂಡತಿ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಹಾಗೇ ಕೂತು ಕೇಳಿದಳು. ಝಂಡಾದಿಂದ ಹಿಡಿದು ಎಲ್ಲ ಹೇಳಿದೆ. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ.

"ಆ ಸುರಪುರದಾಂವಗ ಹತ್ತಿಲ್ಲಲ್ಲ?"

ಇಲ್ಲ ಅಂದೆ. ಅವಳು ಮತ್ತೆ ಜರಡಿ ಹಿಡಿದಳು. ನಾನು ಗೋಡೆಗೆ ಒರಗಿ ಕೂತೆ. ಹಳೆ ನಾಲ್ಕು ಲಿವರನ್ನು ಮನಸ್ಸಿನಲ್ಲೇ ಹಿಡಿದು ನೋಡಿದೆ, ಯಾವುದು ಎತ್ತುವುದು, ಯಾವುದು ತಿರುಗಿಸುವುದು, ಕೈಗೆ ಬರಲಿಲ್ಲ. ಹೊಸದೂ ಬರಲಿಲ್ಲ. ತೊಡೆಯ ಮೇಲೆ ಎರಡೂ ಕೈ ಸುಮ್ಮನೆ ಬಿದ್ದುಕೊಂಡಿದ್ದವು. ಝಂಡಾವೇ ಕಾಯಂ ಆಯಿತೋ, ಇನ್ನೊಂದು ಪರೀಕ್ಷೆಗೆ ನನ್ನನ್ನು ಕರೆಯುತ್ತಾರೋ, ಇವತ್ತಿನವರೆಗೆ ಯಾರೂ ಹೇಳಿಲ್ಲ.